ಮೇವ್ ಕೈಲ್ ಓಡಿದ ಊರುಗಳು: ಕಿಲ್ಕೆನ್ನಿಯಿಂದ ಬ್ಯಾಲಿಮಿನಾವರೆಗೆ

ಮಂಗಳವಾರ, ಡಬ್ಲಿನ್

ಐರ್ಲೆಂಡಿಗೆ ಹೋದವರು ಮೊದಲು ಓಡೋದು ಪಶ್ಚಿಮ ಕಡಲ ಮೇಲಿರುವ ಮೋಹೆರ್ ಬಂಡೆಗಳ ಕಡೆಗೆ. ಅಕ್ಕನ ಮಗ ನಮಗೂ ಅದೇ ಪ್ಲಾನ್ ಹಾಕಿಟ್ಟಿದ್ದ. ಅಕ್ಕ ಒಪ್ಪಲಿಲ್ಲ. "ಬಂಡೆ ಎಲ್ಲಿಗೂ ಹೋಗಲ್ಲ ಕಣೋ. ಮೊದಲು ಮೇವ್ ಕೈಲ್ ಊರು ತೋರಿಸು" ಅಂದಳು. ವರ್ಷಗಳಿಂದ ಡಬ್ಲಿನ್ನಿನಲ್ಲೇ ಇರುವ ಹುಡುಗ, "ಯಾರಮ್ಮ ಅದು?" ಅಂತ ಕೇಳಿದ.

ಅಕ್ಕ ಹೈಸ್ಕೂಲಿನಲ್ಲಿ ಪಿ.ಟಿ. ಮೇಡಂ ಆಗಿದ್ದು ರಿಟೈರ್ ಆದವಳು. ಹುಡುಗಿಯರ ಕೈಗೆ ಹಾಕಿ ಸ್ಟಿಕ್ ಕೊಟ್ಟಿದ್ದಾಳೆ, ರಿಲೇ ಬ್ಯಾಟನ್ನೂ ಕೊಟ್ಟಿದ್ದಾಳೆ. 2025ರ ಜುಲೈನಲ್ಲಿ ಮೇವ್ ಕೈಲ್ ತಮ್ಮ 96ನೇ ವಯಸ್ಸಿನಲ್ಲಿ ತೀರಿಕೊಂಡಾಗ ಬಂದ ಸುದ್ದಿಯಲ್ಲೇ ಅವಳು ಮೊದಲ ಸಲ ಆ ಹೆಸರು ಓದಿದ್ದು. ಓದಿದ ಮೇಲೆ ಬಿಡಲಿಲ್ಲ. ಐರ್ಲೆಂಡ್ ಪರ 58 ಹಾಕಿ ಪಂದ್ಯ. ಮೆಲ್ಬರ್ನ್, ರೋಮ್, ಟೋಕಿಯೊ, ಮೂರು ಒಲಿಂಪಿಕ್ಸ್‌ನಲ್ಲಿ ಓಟ. ಇದರ ಮೇಲೆ ಟೆನಿಸ್, ಈಜು, ಕ್ರಿಕೆಟ್, ಹಾಯಿದೋಣಿ. "ಒಬ್ಬಳೇ ಹೆಂಗಸು ಕಣೇ ಇಷ್ಟೂ ಮಾಡಿರೋದು! ನಮ್ಮ ಸ್ಕೂಲಲ್ಲಿ ಎರಡು ಆಟಕ್ಕೆ ಹೆಸರು ಕೊಟ್ಟರೆ ಅಪ್ಪ-ಅಮ್ಮ ಜಗಳಕ್ಕೆ ಬರೋರು" ಅನ್ನೋದು ಅವಳ ಮಾತು.

ಒಂದು ಮಾತು ಇಲ್ಲೇ ಹೇಳಿಬಿಡಬೇಕು. ಒಲಿಂಪಿಕ್ಸ್‌ಗೆ ಹೋದ ಐರ್ಲೆಂಡಿನ ಮೊದಲ ಮಹಿಳೆ ಮೇವ್ ಅಂತ ಕೆಲವರು ಹೇಳುತ್ತಾರೆ. ಹಾಗಲ್ಲ. 1928ರಲ್ಲೇ ಆಮ್‌ಸ್ಟರ್‌ಡ್ಯಾಮಿನಲ್ಲಿ ಮಾರ್ಗರೀಟ್ ಡಾಕ್ರೆಲ್ ಈಜಿದ್ದರು. ಮೇವ್ ಮೊದಲಿಗರಾದದ್ದು ಟ್ರ್ಯಾಕ್ ಮೇಲೆ. ಅದೇನು ಸಣ್ಣ ವಿಷಯ ಅಲ್ಲ. ಯಾಕೆ ಅಂತ ಗುರುವಾರದ ಮಳೆಯಲ್ಲಿ ಹೇಳುತ್ತೇನೆ.

ಮಧ್ಯಾಹ್ನ ಟ್ರಿನಿಟಿ ಕಾಲೇಜಿಗೆ ಹೋದೆವು. ಕೆಲ್ಸ್ ಪುಸ್ತಕ ಅನ್ನೋ ಹಳೇ ಹಸ್ತಪ್ರತಿ ನೋಡುವವರ ಕ್ಯೂ ಅಂಗಳದ ತನಕ ಬಂದಿತ್ತು. ನಾವು ನಿಲ್ಲಲಿಲ್ಲ. ನಮಗೆ ಬೇಕಾದದ್ದು ಗ್ರಾಫ್ಟನ್ ಸ್ಟ್ರೀಟಿನ ಮೂಲೆಯಲ್ಲಿರುವ ಪ್ರೊವೋಸ್ಟ್ ಬಂಗಲೆ. ಪ್ರೊವೋಸ್ಟ್ ಅಂದರೆ ಈ ಕಾಲೇಜಿನ ಮುಖ್ಯಸ್ಥ. ಮೇವ್ ಅವರ ತಾತ ವಿಲಿಯಂ ಥ್ರಿಫ್ಟ್ 1937ರಿಂದ 1942ರವರೆಗೆ ಆ ಹುದ್ದೆಯಲ್ಲಿದ್ದರು. ಅದೇ ಮನೆತನದ ಹ್ಯಾರಿ ಥ್ರಿಫ್ಟ್ ಐರ್ಲೆಂಡ್ ಪರ ರಗ್ಬಿ ಆಡಿದವರು. ಓದು, ಆಟ ಎರಡೂ ಮನೆಯಲ್ಲೇ ಇತ್ತು ಅನ್ನಿ. ಬಂಗಲೆಯ ಗೇಟು ಮುಚ್ಚಿತ್ತು. ಒಳಗೆ ಬಿಡುವ ಜಾಗವೂ ಅದಲ್ಲ. ಸಂದಿಯಿಂದ ಇಣುಕಿ ನೋಡಿ ಮುಂದೆ ನಡೆದೆವು.

ಕಟ್ಟಡಗಳ ಹಿಂದೆ ಕಾಲೇಜ್ ಪಾರ್ಕ್. ಊರಿನ ನಟ್ಟನಡುವೆ ಅಷ್ಟು ದೊಡ್ಡ ಹಸಿರು ಮೈದಾನ! ಯಾರೋ ಹುಡುಗರು ಬಿಳಿ ಬಟ್ಟೆ ಹಾಕಿಕೊಂಡು ಕ್ರಿಕೆಟ್ ಆಡುತ್ತಿದ್ದರು. ಅಕ್ಕ ಚಪ್ಪಲಿ ಬಿಚ್ಚಿ ಹುಲ್ಲಿನ ಮೇಲೆ ನಾಲ್ಕು ಹೆಜ್ಜೆ ಹಾಕಿದಳು. ಬಗ್ಗಿ ಬೆರಳಿನಿಂದ ನೆಲ ಒತ್ತಿ ನೋಡಿದಳು. "ಮೆತ್ತಗಿದೆ. ಇದರ ಮೇಲೆ ನೂರು ಮೀಟರ್ ಓಡಿದ್ರೆ ಟೈಮಿಂಗ್ ಬರಲ್ಲ" ಅಂತ ತೀರ್ಪು ಕೊಟ್ಟಳು. ಮೇವ್ ಇಲ್ಲಿ ವಿಜ್ಞಾನ ಓದುತ್ತಿದ್ದ ಕಾಲಕ್ಕೆ ಐರ್ಲೆಂಡಿನಲ್ಲಿ ಹೆಚ್ಚಿನ ಓಟವೆಲ್ಲ ಹುಲ್ಲಿನ ಮೇಲೆಯೇ.

ಟ್ರಿನಿಟಿ ಹೆಣ್ಣುಮಕ್ಕಳನ್ನು ಸೇರಿಸಿಕೊಂಡದ್ದು 1904ರಲ್ಲಿ. ಆದರೆ ಸಂಜೆ ಆರು ಗಂಟೆಗೆ ಅವರು ಆವರಣ ಬಿಟ್ಟು ಹೊರಡಬೇಕು ಅನ್ನೋ ನಿಯಮ ಅರವತ್ತರ ದಶಕದವರೆಗೂ ಇತ್ತು. ಅಕ್ಕನಿಗೆ ಇದು ಕೇಳಿ ನಗಬೇಕೋ ಬೈಯಬೇಕೋ ತಿಳಿಯಲಿಲ್ಲ. "ಕ್ಲಾಸ್ ಮುಗಿಯೋದೇ ಐದಕ್ಕೆ. ಪ್ರಾಕ್ಟೀಸ್ ಶುರು ಆಗೋ ಹೊತ್ತಿಗೆ ಗೇಟಿನ ಆಚೆ!" ಅಂದಳು. ಮೇ ತಿಂಗಳು. ನಾವು ಅಲ್ಲಿಂದ ಹೊರಟಾಗ ಏಳೂವರೆ. ಬಿಸಿಲು ಇನ್ನೂ ಚೆನ್ನಾಗಿಯೇ ಇತ್ತು.

ಬುಧವಾರ, ಕಿಲ್ಕೆನ್ನಿ

ಡಬ್ಲಿನ್ನಿನ ಹ್ಯೂಸ್ಟನ್ ಸ್ಟೇಷನ್ನಿನಿಂದ ಕಿಲ್ಕೆನ್ನಿಗೆ ಟ್ರೈನಿನಲ್ಲಿ ಒಂದೂವರೆ ಗಂಟೆಯ ದಾರಿ. ಬೇಲಿಗಳಲ್ಲೆಲ್ಲ ಬಿಳಿ ಹೂವು, ಹೊಲದ ತುಂಬ ಕುರಿ. ಅಕ್ಕ ಚಟ್ನಿಪುಡಿ ಹಾಕಿದ ಸ್ಯಾಂಡ್‌ವಿಚ್ ಬಿಚ್ಚಿದಳು. ಪಕ್ಕದ ಸೀಟಿನ ಅಜ್ಜ ಒಂದು ಸಲ ಮೂಗು ಎಳೆದು ನೋಡಿ ಪೇಪರಿಗೆ ವಾಪಸ್ ಹೋದರು.

ಮೇವ್ ಹುಟ್ಟಿದ್ದು ಇದೇ ಊರಲ್ಲಿ, 1928ರ ಅಕ್ಟೋಬರ್‌ನಲ್ಲಿ. ಆಗ ಅವರು ಮೇವ್ ಶ್ಯಾಂಕಿ. ಅಪ್ಪ ಕಿಲ್ಕೆನ್ನಿ ಕಾಲೇಜಿನ ಹೆಡ್‌ಮಾಸ್ಟರ್. ಹೆಸರು ಕಾಲೇಜು ಅಂತಿದ್ದರೂ ಅದು ಗಂಡುಮಕ್ಕಳ ಸ್ಕೂಲು, ಹಾಸ್ಟೆಲ್ ಸಮೇತ. ಜಾನಥನ್ ಸ್ವಿಫ್ಟ್, ತತ್ವಜ್ಞಾನಿ ಜಾರ್ಜ್ ಬರ್ಕ್ಲಿ ಓದಿದ ಹಳೇ ಸ್ಕೂಲು. 1985ರಲ್ಲಿ ಸ್ಕೂಲು ಊರಾಚೆಗೆ ಹೋಯಿತು. ನೋರ್ ನದಿ ದಂಡೆಯಲ್ಲಿರುವ ಹಳೇ ಕಟ್ಟಡ ಈಗ ಕೌಂಟಿ ಹಾಲ್, ಅಂದರೆ ನಮ್ಮ ಜಿಲ್ಲಾ ಪಂಚಾಯಿತಿ ಆಫೀಸಿನ ಥರ.

ಜಾನ್ಸ್ ಕೀ ಅನ್ನೋ ದಂಡೆಯ ರಸ್ತೆಯಲ್ಲಿ ನಿಂತು ನೋಡಿದೆವು. ಸಾಲಾಗಿ ಕಿಟಕಿಗಳಿರುವ ಗಟ್ಟಿಮುಟ್ಟು ಕಟ್ಟಡ. ನದಿಯ ಆಚೆ ಕಿಲ್ಕೆನ್ನಿ ಕೋಟೆ. ಇಷ್ಟು ಹುಡುಗರಿದ್ದ ಆವರಣದಲ್ಲಿ ಹೆಡ್‌ಮಾಸ್ಟರ್ ಮಗಳು ಬೆಳೆದಳು. ಆಡಬೇಕು ಅಂದರೆ ಹುಡುಗರ ಜೊತೆಯೇ ಆಡಬೇಕು, ಓಡಬೇಕು ಅಂದರೆ ಅವರ ಜೊತೆಯೇ ಓಡಬೇಕು. ನನಗೆ ಇದು ಸುಮ್ನೆ ಒಂದು ಸ್ವಾರಸ್ಯದ ಸಂಗತಿ ಅನಿಸಿತ್ತು. ಅಕ್ಕ ಇದನ್ನೇ ಮುಖ್ಯ ಅಂತ ಹಿಡಿದಳು. "ಹುಡುಗಿಯರನ್ನ ಬೇರೆ ಮಾಡಿ ಆಡಿಸಿದ್ರೆ ಚೆಂಡಿಗೆ ನುಗ್ಗೋದನ್ನ ಕಲಿಯೋಕೆ ಎರಡು ವರ್ಷ ಬೇಕು. ಅಣ್ಣ-ತಮ್ಮಂದಿರ ಜೊತೆ ಆಡಿದವಳಿಗೆ ಅದು ಮೊದಲೇ ಬಂದಿರುತ್ತೆ."

ಒಳಗೆ ಹೋದರೆ ಕೌಂಟರು, ಟೋಕನ್, ಕಾಯುತ್ತಾ ಕೂತ ಜನ. ಇಲ್ಲಿ ಬೆಳೆದ ಓಟಗಾರ್ತಿಯ ನೆನಪಿಗೆ ಅಂತ ಏನೂ ನಮ್ಮ ಕಣ್ಣಿಗೆ ಬೀಳಲಿಲ್ಲ. ನದಿ ದಂಡೆಯಲ್ಲಿ ಹರ್ಲಿಂಗ್ ಆಟಗಾರರ ಕಲ್ಲಿನ ಶಿಲ್ಪವಂತೂ ಸಿಕ್ಕಿತು. ಅದು ಸಹಜವೇ. ಕಿಲ್ಕೆನ್ನಿ ಅಂದರೆ ಹರ್ಲಿಂಗ್, ಕೋಲು-ಚೆಂಡಿನ ಐರಿಷ್ ಆಟ. ಅಖಿಲ ಐರ್ಲೆಂಡ್ ಹರ್ಲಿಂಗ್ ಪಟ್ಟವನ್ನು ಎಲ್ಲರಿಗಿಂತ ಜಾಸ್ತಿ ಸಲ ಗೆದ್ದ ಕೌಂಟಿ ಇದು. ಕಪ್ಪು-ಹಳದಿ ಬಾವುಟ ಅಂಗಡಿ ಅಂಗಡಿಯಲ್ಲೂ ತೂಗುತ್ತಿತ್ತು.

ಒಂದು ಆಟದ ಸಾಮಾನಿನ ಅಂಗಡಿಯಲ್ಲಿ ಅಕ್ಕ ಹರ್ಲಿ ಎತ್ತಿಕೊಂಡಳು. ಹರ್ಲಿಂಗ್ ಆಡುವ ಕೋಲು ಅದು. ಆ್ಯಶ್ ಮರದ್ದು. ಬುಡದ ಹತ್ತಿರ ಮರದ ನಾರು ಬಾಗಿಕೊಂಡು ಹೋಗಿತ್ತು, ತುದಿಗೆ ತೆಳು ತಗಡಿನ ಪಟ್ಟಿ ಹೊಡೆದಿದ್ದರು. ಹಾಕಿ ಸ್ಟಿಕ್ಕಿಗೆ ಒಂದೇ ಕಡೆ ಚಪ್ಪಟೆ, ಇದಕ್ಕೆ ಎರಡೂ ಕಡೆ. ಅಕ್ಕ ಗಾಳಿಯಲ್ಲಿ ಬೀಸಿ, "ಇದರಲ್ಲಿ ಭುಜದ ಮೇಲೆ ಎತ್ತಿ ಹೊಡೀಬಹುದಂತೆ. ನನ್ನ ಹುಡುಗಿಯರ ಕೈಗೆ ಕೊಟ್ಟಿದ್ರೆ ಮೂರು ದಿನಕ್ಕೆ ಆಸ್ಪತ್ರೆ" ಅಂದಳು. ಅಂಗಡಿಯ ಹುಡುಗ ಕನ್ನಡ ಅರ್ಥವಾಗದಿದ್ದರೂ ನಕ್ಕ.

ಈ ಊರಲ್ಲಿ ಹುಟ್ಟಿದ ಹುಡುಗಿ ಹರ್ಲಿಂಗ್ ಬಿಟ್ಟು ಹಾಕಿಗೆ ಯಾಕೆ ಹೋದಳು? ಇದಕ್ಕೆ ಆ ಕಾಲದ ಐರ್ಲೆಂಡ್ ಗೊತ್ತಿರಬೇಕು. ಹಾಕಿ, ರಗ್ಬಿ, ಕ್ರಿಕೆಟ್ ಇವೆಲ್ಲ ಇಂಗ್ಲಿಷರ ಆಟ, ಹೆಚ್ಚಾಗಿ ಪ್ರಾಟೆಸ್ಟಂಟರ ಸ್ಕೂಲುಗಳಲ್ಲಿ ಆಡೋದು. ಹರ್ಲಿಂಗ್, ಗೇಲಿಕ್ ಫುಟ್‌ಬಾಲ್ ನಾಡಿನ ಆಟ. ಅವನ್ನು ನಡೆಸುವ ಗೇಲಿಕ್ ಅಥ್ಲೆಟಿಕ್ ಅಸೋಸಿಯೇಷನ್ನಿನ ಸದಸ್ಯರು 'ವಿದೇಶಿ ಆಟ' ಆಡಬಾರದು, ನೋಡಲೂ ಹೋಗಬಾರದು ಅಂತ ನಿಷೇಧ 1971ರವರೆಗೂ ಇತ್ತು. ಮೇವ್ ಪ್ರಾಟೆಸ್ಟಂಟ್ ಮನೆಯ ಮಗಳು. ಡಬ್ಲಿನ್ನಿನ ಅಲೆಕ್ಸಾಂಡ್ರಾ ಕಾಲೇಜು, ಆಮೇಲೆ ಟ್ರಿನಿಟಿ. ಅವರ ಕೈಗೆ ಬಂದದ್ದು ಹಾಕಿ ಸ್ಟಿಕ್.

ಬಂದ ಮೇಲೆ ಬಿಟ್ಟವರಲ್ಲ. ಲೆನ್ಸ್ಟರ್, ಮನ್ಸ್ಟರ್, ಅಲ್ಸ್ಟರ್ ಹೀಗೆ ಐರ್ಲೆಂಡಿನ ನಾಲ್ಕು ಪ್ರಾಂತ್ಯಗಳಲ್ಲಿ ಮೂರರ ಪರ ಆಡಿದರು. 1953 ಮತ್ತು 1959ರಲ್ಲಿ ಜಗತ್ತಿನ ಆಯ್ದ ಆಟಗಾರ್ತಿಯರ ತಂಡಕ್ಕೆ ಅವರ ಹೆಸರು ಬಂತು. ಆ ಕಾಲಕ್ಕೆ ಮಹಿಳಾ ಹಾಕಿ ಒಲಿಂಪಿಕ್ಸ್‌ನಲ್ಲಿ ಇರಲಿಲ್ಲ. ಅದು ಸೇರಿದ್ದು 1980ರಲ್ಲಿ. ಹಾಗಾಗಿ ಮೇವ್ ಅವರ ಹಾಕಿಗೆ ಒಲಿಂಪಿಕ್ಸ್ ವೇದಿಕೆ ಸಿಗಲೇ ಇಲ್ಲ. ಈಗ ಯಾರನ್ನು ಕೇಳಿದರೂ ಓಟದ ಬಗ್ಗೆಯೇ ಹೇಳುತ್ತಾರೆ. ನನ್ನ ಮಟ್ಟಿಗೆ ಆ 58 ಪಂದ್ಯಗಳೇ ದೊಡ್ಡದು. ಅಕ್ಕ ಒಪ್ಪಲ್ಲ.

ಊಟಕ್ಕೆ ತರಕಾರಿ ಸೂಪು, ಕಂದು ಬಣ್ಣದ ಸೋಡಾ ಬ್ರೆಡ್ಡು, ಬೆಣ್ಣೆ. ಬೆಣ್ಣೆಯ ಬಗ್ಗೆ ಬೇರೆ ಲೇಖನವೇ ಬರೆಯಬಹುದು. ಕೋಟೆ ನೋಡಿದೆವು, ಎಲ್ಲ ಕೋಟೆಗಳ ಹಾಗೆ ಇದೆ. ಸಂಜೆ ಟ್ರೈನಿಗೆ ವಾಪಸ್.

ಗುರುವಾರ, ಮಳೆ

ಬೆಳಿಗ್ಗೆಯಿಂದ ಒಂದೇ ಸಮ ಮಳೆ. ಹುಡುಗ ಆಫೀಸಿಗೆ ಹೋದ. ನಾವು ಉಪ್ಪಿಟ್ಟು ಮಾಡಿಕೊಂಡು ಅವನ ಅಡುಗೆಮನೆಯ ಕಿಟಕಿ ಹತ್ತಿರ ಕೂತೆವು. ಅಕ್ಕ ತನ್ನ ನೋಟ್‌ಬುಕ್ ತೆಗೆದಳು. ಸ್ಪೋರ್ಟ್ಸ್ ಡೇ ಲೆಕ್ಕ ಬರೆಯುವ ಹಾಗೆ ಗೆರೆ ಹೊಡೆದು ಇಸವಿ, ಊರು, ದೂರ ಬರೆದಿಟ್ಟಿದ್ದಳು.

1954ರಲ್ಲಿ ಮೇವ್ ಶ್ಯಾಂಕಿ, ಶಾನ್ ಕೈಲ್ ಅವರನ್ನು ಮದುವೆಯಾದರು. ಶಾನ್ ಉತ್ತರ ಐರ್ಲೆಂಡಿನ ಬ್ಯಾಲಿಮಿನಾದವರು, ಅಥ್ಲೆಟಿಕ್ಸ್ ಕೋಚ್. ಅಲ್ಲಿಯವರೆಗೆ ಮೇವ್ ಮುಖ್ಯವಾಗಿ ಹಾಕಿ ಆಟಗಾರ್ತಿ. ಗಂಡ ಅವರನ್ನು ಟ್ರ್ಯಾಕಿಗೆ ತಂದರು. ಮದುವೆಯಾದ ಮೇಲೆ ಆಟ ಬಿಡೋದು ನಾವು ಕಂಡ ಕತೆ. ಇಲ್ಲಿ ಮದುವೆಯಾದ ಮೇಲೆ ಇನ್ನೊಂದು ಆಟ ಶುರುವಾಯಿತು! ಮಗಳು ಶಾನಾ ಹುಟ್ಟಿದಳು. ಎರಡು ವರ್ಷಕ್ಕೆ ಮೆಲ್ಬರ್ನ್.

1956ರ ಐರ್ಲೆಂಡ್ ತಂಡದಲ್ಲಿ ಹೆಂಗಸು ಅಂತ ಇದ್ದದ್ದು ಮೇವ್ ಒಬ್ಬರೇ. ಚಿಕ್ಕ ಮಗುವನ್ನೂ ಗಂಡನನ್ನೂ ಬಿಟ್ಟು ಭೂಮಿಯ ಆ ತುದಿಗೆ ಓಡಲು ಹೊರಟಿದ್ದಾಳೆ ಅಂತ ಸುದ್ದಿಯಾಯಿತು. ಪತ್ರಿಕೆಗಳಿಗೆ ಬೈಗುಳದ ಪತ್ರಗಳು ಬಂದವು. ತಾಯ್ತನಕ್ಕೆ ಕಳಂಕ ಅಂದರು, ಕ್ಯಾಥೊಲಿಕ್ ಚರ್ಚಿಗೆ ಅವಮಾನ ಅಂದರು. ತಮಾಷೆ ಅಂದರೆ ಅವರು ಕ್ಯಾಥೊಲಿಕ್ಕೇ ಅಲ್ಲ. "ಮಗು ಅಪ್ಪನ ಹತ್ರ ಇತ್ತಲ್ಲ. ತಂಡದಲ್ಲಿದ್ದ ಗಂಡಸರ ಮಕ್ಕಳು ಎಲ್ಲಿದ್ರು ಅಂತ ಯಾರಾದ್ರೂ ಕೇಳಿದ್ರಾ?" ಅಂತ ಅಕ್ಕ ಉಪ್ಪಿಟ್ಟಿನ ತಟ್ಟೆ ಕೆಳಗಿಟ್ಟಳು.

ಈ ಕೋಪ ದಿಢೀರ್ ಅಂತ ಹುಟ್ಟಿದ್ದಲ್ಲ. 1934ರಲ್ಲಿ ಐರಿಷ್ ಅಥ್ಲೆಟಿಕ್ಸ್ ಸಂಸ್ಥೆ ತನ್ನ ಕೂಟಗಳಲ್ಲಿ ಹೆಂಗಸರ ಓಟವನ್ನೂ ಸೇರಿಸಲು ನೋಡಿತ್ತು. ಆಗ ಬ್ಲ್ಯಾಕ್‌ರಾಕ್ ಕಾಲೇಜಿನ ಮುಖ್ಯಸ್ಥರಾಗಿದ್ದ ಪಾದ್ರಿ ಜಾನ್ ಚಾರ್ಲ್ಸ್ ಮೆಕ್ವೇಡ್ ಪತ್ರಿಕೆಗೆ ಪತ್ರ ಬರೆದರು. ಗಂಡಸರು ಓಡುವ ಮೈದಾನದಲ್ಲಿ ಹೆಂಗಸರೂ ಓಡೋದು ಐರಿಷ್ ಪದ್ಧತಿಯೂ ಅಲ್ಲ, ಕ್ಯಾಥೊಲಿಕ್ ಪದ್ಧತಿಯೂ ಅಲ್ಲ ಅನ್ನೋದು ಅವರ ವಾದ. ಸಂಸ್ಥೆ ಹಿಂದೆ ಸರಿಯಿತು. ಆಮೇಲೆ ಅವರೇ ಡಬ್ಲಿನ್ನಿನ ಆರ್ಚ್‌ಬಿಷಪ್ ಆದರು, ದೇಶದಲ್ಲಿ ದೊಡ್ಡ ಮಾತುಳ್ಳವರಾದರು. ಮೇವ್ ಓಟದ ಬಟ್ಟೆ ಹಾಕಿಕೊಂಡು ಗೆರೆ ಮೇಲೆ ನಿಂತಾಗ ಎದುರಿದ್ದದ್ದು ಬರೀ ಆಸ್ಟ್ರೇಲಿಯಾದ ಓಟಗಾರ್ತಿಯರಲ್ಲ.

ದುಡ್ಡಿನದ್ದೂ ಅದೇ ಕತೆ. ತಂಡದ ಹತ್ತಿರ ಹಣ ಇರಲಿಲ್ಲ, ಹೋಗುವವರೇ ಒಂದು ಪಾಲು ಹೊಂದಿಸಬೇಕಿತ್ತು. ನಮ್ಮಲ್ಲೂ ಇಂಥದ್ದೇ ಆಗಿದೆ. ಮುಂಬೈ ಬಾಂದ್ರಾದ ಮೇರಿ ಡಿಸೋಜಾ 1952ರಲ್ಲಿ ಹೆಲ್ಸಿಂಕಿಗೆ ಹೊರಟಾಗ ಸರ್ಕಾರದಿಂದ ಪೂರ್ತಿ ದುಡ್ಡು ಬರಲಿಲ್ಲ. ಗೆಳೆಯರು ಡ್ಯಾನ್ಸು, ಇಸ್ಪೀಟು ಕೂಟ ಇಟ್ಟು ಚಂದಾ ಎತ್ತಿ ಕಳಿಸಿದರು. ಆಕೆಯೂ ಓಟದ ಜೊತೆ ಹಾಕಿ ಆಡುತ್ತಿದ್ದವರೇ, ಎರಡರಲ್ಲೂ ಭಾರತದ ಪರ. ಅಕ್ಕನ ನೋಟ್‌ಬುಕ್ಕಿನಲ್ಲಿ ಇಬ್ಬರ ಹೆಸರೂ ಒಂದೇ ಪುಟದಲ್ಲಿದೆ.

ಮೆಲ್ಬರ್ನ್‌ನಲ್ಲಿ ಮೇವ್ 100 ಮತ್ತು 200 ಮೀಟರ್ ಓಡಿದರು. ಎರಡರಲ್ಲೂ ಹೀಟ್ಸ್, ಅಂದರೆ ಮೊದಲ ಸುತ್ತು, ದಾಟಲಿಲ್ಲ. ಅದೇ ಕೂಟದಲ್ಲಿ ಐರ್ಲೆಂಡಿನವರೇ ಆದ ರಾನಿ ಡಿಲೇನಿ 1500 ಮೀಟರ್‌ನಲ್ಲಿ ಚಿನ್ನ ಗೆದ್ದರು. ಐರ್ಲೆಂಡ್ ಕುಣಿದಾಡಿತು, ಮೇವ್ ಓಡಿದ್ದು ಅಷ್ಟಕ್ಕೇ ಮರೆತುಹೋಯಿತು. 1960ರಲ್ಲಿ ರೋಮ್. ಮತ್ತೆ 100, 200. ಮತ್ತೆ ಹೀಟ್ಸ್‌ನಲ್ಲೇ ಮುಗಿಯಿತು.

ಇಲ್ಲಿಗೆ ಬಿಟ್ಟರೆ ಇದು ಸಾಧಾರಣ ಓಟಗಾರ್ತಿಯ ಕತೆ. ಆದರೆ ಅಕ್ಕ ಪೆನ್ನಿನಿಂದ ಒಂದು ಸಾಲಿನ ಕೆಳಗೆ ಗೆರೆ ಎಳೆದು ನನ್ನ ಕಡೆ ತಿರುಗಿಸಿದಳು. 1956ರ ಒಲಿಂಪಿಕ್ಸ್‌ನಲ್ಲಿ ಹೆಂಗಸರಿಗೆ ಅತಿ ಉದ್ದದ ಓಟ ಯಾವುದು? 200 ಮೀಟರ್. 800 ಮೀಟರನ್ನು 1928ರಲ್ಲಿ ಒಮ್ಮೆ ಓಡಿಸಿ, ಹೆಂಗಸರಿಗೆ ಇದು ಆಗಲ್ಲ ಅಂತ ತೆಗೆದುಹಾಕಿದ್ದರು. ಅದು ವಾಪಸ್ ಬಂದದ್ದು 1960ರಲ್ಲಿ. 400 ಮೀಟರ್ ಅಂತೂ ಮೊದಲ ಸಲ ಬಂದದ್ದೇ 1964ರ ಟೋಕಿಯೊದಲ್ಲಿ.

ಟೋಕಿಯೊಗೆ ಮೇವ್ ಹೋದರು. ಆಗ ಅವರಿಗೆ 36. ಈ ಸಲ ಓಡಿದ್ದು 400 ಮತ್ತು 800. ಎರಡರಲ್ಲೂ ಸೆಮಿಫೈನಲ್ ತಲುಪಿದರು.

"ನೋಡು, ಹಾಕಿಯಲ್ಲಿ ಗಂಟೆಗಟ್ಟಲೆ ಓಡಿದ ಕಾಲು ಅದು. ಅದಕ್ಕೆ ಬೇಕಾಗಿದ್ದು 400, 800. ಇವರು ಇಪ್ಪತ್ತೆಂಟರಲ್ಲಿ ಓಡಬೇಕಾದ ಓಟವನ್ನ ಮೂವತ್ತಾರಕ್ಕೆ ಕೊಟ್ರು" ಅಂದಳು ಅಕ್ಕ. ಆ ಓಟಗಳು ಬರುವ ತನಕ ಮೇವ್ ಮನೆಗೆ ಹೋಗಲಿಲ್ಲ, ಅಷ್ಟೇ. 1966ರಲ್ಲಿ ಜರ್ಮನಿಯ ಡಾರ್ಟ್ಮುಂಡ್‌ನಲ್ಲಿ ನಡೆದ ಯುರೋಪಿಯನ್ ಒಳಾಂಗಣ ಕೂಟದಲ್ಲಿ 400 ಮೀಟರ್‌ನಲ್ಲಿ ಕಂಚು ಗೆದ್ದರು. ವಯಸ್ಸು 37. ಅಷ್ಟು ಹೊತ್ತಿಗೆ ಮಗಳು ಸ್ಕೂಲಿಗೆ ಹೋಗುತ್ತಿದ್ದಳು. ಕಳಂಕ ಅಂತ ಪತ್ರ ಬರೆದವರು ಆಗ ಏನು ಬರೆದರೋ.

ಸಂಜೆ ಮಳೆ ನಿಂತಿತು. ತರಕಾರಿ ತರಲು ಹೋಗಿ ಬಂದೆವು.

ಶುಕ್ರವಾರ, ಬ್ಯಾಲಿಮಿನಾ

ಉತ್ತರ ಐರ್ಲೆಂಡ್ ಬೇರೆ ದೇಶ, ಬ್ರಿಟನ್ನಿಗೆ ಸೇರಿದ್ದು. ಭಾರತದ ಪಾಸ್‌ಪೋರ್ಟ್ ಇರುವವರು ಇದನ್ನು ನೆನಪಿಟ್ಟುಕೊಳ್ಳಬೇಕು. ಗಡಿಯಲ್ಲಿ ಯಾರೂ ತಡೆಯಲ್ಲ ಅಂತ ಸುಮ್ನೆ ದಾಟಿಬಿಡಬಾರದು. ನಮ್ಮ ಐರಿಷ್ ವೀಸಾ ಮೇಲೆ 'ಬಿಐವಿಎಸ್' ಅಂತ ಅಚ್ಚಾಗಿತ್ತು. ಭಾರತದಲ್ಲಿ ಕೊಡುವ ಅಲ್ಪಾವಧಿ ವೀಸಾದಲ್ಲಿ ಆ ಅಕ್ಷರಗಳಿದ್ದರೆ ಬ್ರಿಟನ್ನಿಗೂ ಅದೇ ನಡೆಯುತ್ತದೆ. ಆದರೆ ವೀಸಾ ಕೊಟ್ಟ ದೇಶಕ್ಕೇ ಮೊದಲು ಕಾಲಿಡಬೇಕು.

ಡಬ್ಲಿನ್ ಕನಾಲಿ ಸ್ಟೇಷನ್ನಿನಿಂದ ಬೆಲ್‌ಫಾಸ್ಟಿಗೆ ಎಂಟರ್‌ಪ್ರೈಸ್ ಅನ್ನೋ ಟ್ರೈನು. ದ್ರೋಹೆಡಾದಲ್ಲಿ ಬಾಯ್ನ್ ನದಿ ಮೇಲಿನ ಎತ್ತರದ ಸೇತುವೆ ದಾಟಿದ ಮೇಲೆ ಅಕ್ಕ ಗಡಿ ನೋಡಬೇಕು ಅಂತ ಕಿಟಕಿಗೆ ಅಂಟಿಕೊಂಡಳು. ಗೇಟಿಲ್ಲ, ಪೊಲೀಸಿಲ್ಲ, ಬೋರ್ಡೂ ಇಲ್ಲ. ಫೋನಿಗೆ ಬ್ರಿಟನ್ನಿಗೆ ಸ್ವಾಗತ ಅಂತ ಮೆಸೇಜ್ ಬಂದಾಗಲೇ ಗೊತ್ತಾಗಿದ್ದು.

ದ್ವೀಪ ಎರಡಾದದ್ದು 1921ರಲ್ಲಿ. ಆಟಗಳು ಒಂದೊಂದೂ ಒಂದೊಂದು ದಾರಿ ಹಿಡಿದವು. ಹಾಕಿ, ರಗ್ಬಿ ಒಡೆಯಲೇ ಇಲ್ಲ. ಇಡೀ ದ್ವೀಪಕ್ಕೆ ಇವತ್ತಿಗೂ ಒಂದೇ ತಂಡ. ಫುಟ್‌ಬಾಲ್ ಎರಡಾಯಿತು. ಅಥ್ಲೆಟಿಕ್ಸ್‌ನಲ್ಲಿ ಮಾತ್ರ ದೊಡ್ಡ ರಂಪ. ನಿಮ್ಮ ಅಧಿಕಾರ ಗಡಿಯ ಒಳಗೆ ಮಾತ್ರ ಅಂತ ಅಂತರರಾಷ್ಟ್ರೀಯ ಸಂಸ್ಥೆ ಹೇಳಿತು. ಇಡೀ ದ್ವೀಪ ನಮ್ಮದು ಅಂತ ಹಳೇ ಐರಿಷ್ ಸಂಸ್ಥೆ ಪಟ್ಟು ಹಿಡಿದು ಮೂವತ್ತರ ದಶಕದಲ್ಲಿ ಹೊರಬಿತ್ತು. 1937ರಲ್ಲಿ ದಕ್ಷಿಣದ 26 ಕೌಂಟಿಗಳಿಗೆ ಹೊಸ ಸಂಸ್ಥೆ ಹುಟ್ಟಿತು. ಉತ್ತರಕ್ಕೆ ಬೇರೆಯೇ ಇತ್ತು. ದಕ್ಷಿಣದಲ್ಲಿ ಹುಟ್ಟಿ ಉತ್ತರದಲ್ಲಿ ಮನೆ ಮಾಡಿದ ಮೇವ್ ಇದರ ನಡುವೆ ಆರಾಮಾಗಿ ಓಡಾಡಿಕೊಂಡಿದ್ದರು. ಹಾಕಿಯಲ್ಲಿ ಐರ್ಲೆಂಡ್, ಒಲಿಂಪಿಕ್ಸ್‌ನಲ್ಲಿ ಐರ್ಲೆಂಡ್, 1970ರ ಕಾಮನ್‌ವೆಲ್ತ್ ಕೂಟದಲ್ಲಿ ಉತ್ತರ ಐರ್ಲೆಂಡ್. 2008ರಲ್ಲಿ ಬ್ರಿಟನ್ನಿನ ಓಬಿಇ ಗೌರವವೂ ಬಂತು.

ಬೆಲ್‌ಫಾಸ್ಟಿನಲ್ಲಿ ಟ್ರೈನು ಬದಲಾಯಿಸಿ ಬ್ಯಾಲಿಮಿನಾಗೆ ಬಂದಾಗ ಮಧ್ಯಾಹ್ನ. ಅಕ್ಕನ ಮಗ ಈ ಊರಿಗೆ ಹೋಗುವುದು ಬೇಡ ಅಂತ ಎರಡು ಸಲ ಹೇಳಿದ್ದ. 2025ರ ಜೂನ್‌ನಲ್ಲಿ ಇಲ್ಲಿ ವಲಸಿಗರ ವಿರುದ್ಧ ದೊಡ್ಡ ಗಲಭೆಯಾಗಿತ್ತು, ಮನೆಗಳಿಗೆ ಬೆಂಕಿ ಬಿದ್ದಿತ್ತು. ಹೆದರಿಕೆ ಇರಲಿಲ್ಲ ಅಂದರೆ ಸುಳ್ಳು. ನಮಗೆ ಮಾತ್ರ ಯಾರೂ ಏನೂ ಅನ್ನಲಿಲ್ಲ. ಸ್ಟೇಷನ್ನಿನಿಂದ ದಾರಿ ಕೇಳಿದಾಗ ಒಬ್ಬರು ಜೊತೆಗೇ ನಡೆದು ಬಂದು ತಿರುವು ತೋರಿಸಿದರು. ಅವರ ಇಂಗ್ಲಿಷ್‌ನಲ್ಲಿ ನಮಗೆ ಅರ್ಧ ತಿಳಿಯಿತು.

ಬ್ಯಾಲಿಮಿನಾ ಪ್ರವಾಸಿಗರ ಊರಲ್ಲ. ಏಳು ಗೋಪುರಗಳ ಊರು ಅಂತ ಹೆಸರು. ಬಸ್ ಕಟ್ಟುವ ರೈಟ್‌ಬಸ್ ಕಾರ್ಖಾನೆ ಇದೆ. ಟೈರು, ಸಿಗರೇಟು ಕಾರ್ಖಾನೆಗಳು ಇದ್ದವು, ಮುಚ್ಚಿದವು. ಸಿನಿಮಾ ನಟ ಲಿಯಾಮ್ ನೀಸನ್ ಈ ಊರಿನವರೇ, ಹುಡುಗನಾಗಿದ್ದಾಗ ಇಲ್ಲೇ ಬಾಕ್ಸಿಂಗ್ ಮಾಡುತ್ತಿದ್ದರಂತೆ. ಪೂರ್ವಕ್ಕೆ ಸ್ಲೆಮಿಷ್ ಬೆಟ್ಟ, ಬಯಲಿನ ನಡುವೆ ಮಗುಚಿಟ್ಟ ಕಡಾಯಿಯ ಹಾಗೆ. ಸೇಂಟ್ ಪ್ಯಾಟ್ರಿಕ್ ಚಿಕ್ಕವನಿದ್ದಾಗ ಅಲ್ಲಿ ಕುರಿ ಕಾಯುತ್ತಿದ್ದ ಅಂತ ಜನ ನಂಬುತ್ತಾರೆ. ಹತ್ತೋಣ ಅಂತ ನಾನಂದೆ. ಅಕ್ಕನ ಮಂಡಿ ಬೇಡ ಅಂತು.

ಇಂಥ ಊರಿಗೆ ಟ್ರಿನಿಟಿಯಲ್ಲಿ ಓದಿದ ಪ್ರೊವೋಸ್ಟ್ ಮೊಮ್ಮಗಳು ಬಂದು ನೆಲೆಸಿದರು. ಗಂಡ-ಹೆಂಡತಿ ಸೇರಿ ಅಥ್ಲೆಟಿಕ್ಸ್ ಕ್ಲಬ್ ಕಟ್ಟಿದರು. ಈಗ ಅದರ ಹೆಸರು ಬ್ಯಾಲಿಮಿನಾ ಅಂಡ್ ಆಂಟ್ರಿಮ್. ತಾವು ಓಡುವುದು ಮುಗಿದ ಮೇಲೆ ಮೇವ್ ಬೇರೆಯವರನ್ನು ಓಡಿಸಿದರು, ದಶಕಗಳ ಕಾಲ. ಹಿರಿಯ ವಯಸ್ಸಿನವರ ಮಾಸ್ಟರ್ಸ್ ಕೂಟಗಳಲ್ಲಿ ತಾವೂ ಓಡಿದರು. ಶಾನ್ 2015ರಲ್ಲಿ ತೀರಿಕೊಂಡರು.

ರಾತ್ರಿ ಉಳಿದುಕೊಂಡ ಮನೆಯವರು ಬೆಳಗಿನ ತಿಂಡಿಗೆ ಆಲೂಗಡ್ಡೆ ರೊಟ್ಟಿ ಇರುತ್ತೆ ಅಂದರು. ಹಂದಿಮಾಂಸ ಬೇಡ, ರೊಟ್ಟಿ ಎಷ್ಟಿದ್ದರೂ ಸರಿ ಅಂತ ಅಕ್ಕ ಮೊದಲೇ ಹೇಳಿಟ್ಟಳು.

ಶನಿವಾರ, ಆಂಟ್ರಿಮ್

ಬೆಲ್‌ಫಾಸ್ಟ್ ಕಡೆಗೆ ವಾಪಸ್ ಬರುವ ದಾರಿಯಲ್ಲೇ ಆಂಟ್ರಿಮ್. ಇಳಿದು ಕ್ರೀಡಾಂಗಣದ ಕಡೆ ನಡೆದೆವು. ಹತ್ತಿರದಲ್ಲೇ ಲಾಕ್ ನೇ, ಈ ದ್ವೀಪಗಳಲ್ಲೇ ಅತಿ ದೊಡ್ಡ ಸರೋವರ. ಕೆಲವು ವರ್ಷಗಳಿಂದ ಬೇಸಿಗೆಯಲ್ಲಿ ನೀರೆಲ್ಲ ಪಾಚಿ ಕಟ್ಟಿ ಹಸಿರಾಗುತ್ತಿದೆಯಂತೆ. ಬೆಂಗಳೂರಿನ ಕೆರೆಗಳನ್ನು ಕಂಡವರಿಗೆ ಇದೇನು ಹೊಸದಲ್ಲ ಬಿಡಿ.

ಟ್ರ್ಯಾಕ್ ಮೇಲೆ ಮಕ್ಕಳು ಓಡುತ್ತಿದ್ದರು. ನಾವು ಬೇಲಿಯ ಈಚೆ ನಿಂತೆವು. ಒಂದು ಗುಂಪು ರಿಲೇ ಬ್ಯಾಟನ್ ಕೊಡೋದನ್ನು ಕಲಿಯುತ್ತಿತ್ತು. ಕೊಡುವ ಹುಡುಗಿ ಕೂಗಬೇಕು, ತೆಗೆದುಕೊಳ್ಳುವ ಹುಡುಗಿ ಹಿಂದೆ ನೋಡದೆ ಕೈ ಚಾಚಬೇಕು. ಪ್ರತಿ ಸಲವೂ ಎರಡನೇ ಹುಡುಗಿ ಕತ್ತು ತಿರುಗಿಸುತ್ತಿದ್ದಳು. ಅಕ್ಕ ನನ್ನ ಮೊಣಕೈ ತಿವಿದು, "ಎಲ್ಲ ಊರಲ್ಲೂ ಇದೇ" ಅಂದಳು. ನಾಲ್ಕನೇ ಸಲ ಬ್ಯಾಟನ್ ಬಿತ್ತು. ಟಣ್ ಅಂತ ಉರುಳಿಕೊಂಡು ಒಳಗಿನ ಲೇನಿಗೆ ಹೋಯಿತು.

ಅರವತ್ತು ದಾಟಿದ ಒಬ್ಬರು ಹೆಂಗಸು ಸುತ್ತು ಹಾಕುತ್ತಾ ನಮ್ಮ ಹತ್ತಿರ ಬಂದಾಗ ನಿಂತರು. ಮೊಮ್ಮಗಳನ್ನು ಕರೆತಂದಿದ್ದೀರಾ ಅಂತ ಕೇಳಿದರು. ಇಲ್ಲ, ಮೇವ್ ಕೈಲ್ ಊರು ನೋಡೋಕೆ ಬಂದದ್ದು ಅಂದೆವು. ಭಾರತದಿಂದ ಬಂದಿರಾ, ಹಾಗಾದರೆ 2018 ನೆನಪಿದೆಯಾ ಅಂತ ನಗುತ್ತಾ ಕೇಳಿದರು. ಅಕ್ಕನಿಗೆ ತಕ್ಷಣ ಹೊಳೆಯಿತು. ಲಂಡನ್ನಿನ ಮಹಿಳಾ ಹಾಕಿ ವಿಶ್ವಕಪ್. ಐರ್ಲೆಂಡ್ ನಮ್ಮನ್ನು ಎರಡು ಸಲ ಸೋಲಿಸಿತ್ತು. ಗುಂಪಿನ ಪಂದ್ಯದಲ್ಲಿ 1-0, ಕ್ವಾರ್ಟರ್‌ಫೈನಲ್‌ನಲ್ಲಿ ಶೂಟೌಟ್. ಆಮೇಲೆ ಬೆಳ್ಳಿಯನ್ನೂ ಹೊತ್ತುಕೊಂಡು ಹೋದರು. ಆ ಆಟಗಾರ್ತಿಯರೂ ಕೈಯಿಂದ ದುಡ್ಡು ಹಾಕಿಕೊಂಡು ಆಡುತ್ತಿದ್ದವರೇ. ಮೆಲ್ಬರ್ನ್ ಆಗಿ ಅರವತ್ತೆರಡು ವರ್ಷ ಆಗಿತ್ತು.

"ಅದೊಂದು ಪೆನಾಲ್ಟಿ ಕಾರ್ನರ್ ಡಿಫ್ಲೆಕ್ಷನ್. ನ್ಯಾಯವಾಗಿ ಡ್ರಾ ಆಗಬೇಕಿತ್ತು" ಅಂತ ಅಕ್ಕ ಇಂಗ್ಲಿಷ್‌ನಲ್ಲಿ ಶುರು ಮಾಡಿದಳು. ಆ ಹೆಂಗಸು ಬೇಲಿ ಮೇಲೆ ಕೈ ಊರಿದರು. ಇಬ್ಬರೂ ಆ ಪಂದ್ಯವನ್ನು ನಿಮಿಷ ನಿಮಿಷ ಬಿಚ್ಚಿದರು. ಸ್ಟಿಕ್ ಇಲ್ಲದ ಕೈಗಳಲ್ಲೇ ಕಾರ್ನರ್ ಹೊಡೆದು ತೋರಿಸಿದರು. ನಾನು ಟ್ರೈನಿನ ಟೈಮ್ ಹೇಳಿದೆ, ಯಾರೂ ಕೇಳಲಿಲ್ಲ. ಆ ಟ್ರೈನ್ ಹೋಯಿತು. ಮುಂದಿನದು ಒಂದು ಗಂಟೆ ಬಿಟ್ಟು.